ಪುಸ್ತಕಕ್ಕೆ ನಾನು ಕೇಳುವ ಒಂದು ಪ್ರಶ್ನೆ

ನಮಸ್ಕಾರ. ಈ ಸಲ ನಾಲ್ಕು ಪುಸ್ತಕ ತಂದಿದ್ದೇನೆ. ಒಂದು ಕಲ್ಲು ಮಣ್ಣಿನದು, ಒಂದು ಬೆಂಕಿಯದು, ಒಂದು ಮಕ್ಕಳ ಫೋನಿನದು, ಇನ್ನೊಂದು ಕ್ಷಯರೋಗದ್ದು. ಒಂದಕ್ಕೊಂದು ಸಂಬಂಧವೇ ಇಲ್ಲ, ಅಲ್ವಾ? ಆದರೆ ನಾಲ್ಕನ್ನೂ ಓದುವಾಗ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. 'ಇದು ನಿಮಗೆ ಹೇಗೆ ಗೊತ್ತಾಯ್ತು?'

ನಾನು ವಿಜ್ಞಾನಿಯಲ್ಲ, ಡಾಕ್ಟರಲ್ಲ. ಗೊತ್ತಿಲ್ಲದ ವಿಷಯ ಓದುವಾಗ ಬರೆದವರನ್ನು ನಂಬಲೇಬೇಕಾಗುತ್ತದೆ. ಆ ನಂಬಿಕೆಯನ್ನು ಅವರು ಹೇಗೆ ಗಳಿಸುತ್ತಾರೆ ಅನ್ನೋದು ನನಗೆ ತುಂಬಾ ಮುಖ್ಯ.

ಮೊದಲನೆಯದು ಎಡ್ ಕಾನ್ವೇ ಅವರ 'ಮಟೀರಿಯಲ್ ವರ್ಲ್ಡ್', 2023ರದು. ಮರಳು, ಉಪ್ಪು, ಕಬ್ಬಿಣ, ತಾಮ್ರ, ತೈಲ, ಲಿಥಿಯಂ. ಈ ಆರು ವಸ್ತುಗಳ ಕಥೆ. ಕಾನ್ವೇ ಅರ್ಥಶಾಸ್ತ್ರದ ಪತ್ರಕರ್ತರು. ಆದರೆ ಕೂತಲ್ಲೇ ಬರೆದಿಲ್ಲ. ಗಣಿಗಳಿಗೆ, ಕಾರ್ಖಾನೆಗಳಿಗೆ ಹೋಗಿ ಕಣ್ಣಾರೆ ನೋಡಿ ಬಂದಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮರಳಿನ ಭಾಗ. ಕಂಪ್ಯೂಟರ್ ಚಿಪ್‌ಗೆ ಬೇಕಾದ ಸಿಲಿಕಾನ್ ಕರಗಿಸಲು ಒಂದು ಮೂಸೆ ಬೇಕು. ಆ ಮೂಸೆಗೆ ಅತಿ ಶುದ್ಧವಾದ ಬೆಣಚುಕಲ್ಲು ಬೇಕು. ಅಂಥ ಕಲ್ಲು ಹೆಚ್ಚಾಗಿ ಬರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದ ಸ್ಪ್ರೂಸ್ ಪೈನ್ ಅನ್ನುವ ಪುಟ್ಟ ಊರಿನಿಂದ. ಪುಸ್ತಕ ಬಂದ ಮರುವರ್ಷ, 2024ರ ಸೆಪ್ಟೆಂಬರ್‌ನಲ್ಲಿ, ಹೆಲೀನ್ ಚಂಡಮಾರುತದ ಮಳೆಗೆ ಆ ಊರಿನ ಗಣಿಗಳ ಕೆಲಸ ಕೆಲ ಕಾಲ ನಿಂತೇ ಹೋಯಿತು. ಚಿಪ್ ಉದ್ಯಮದವರೆಲ್ಲ ಗಾಬರಿಯಿಂದ ಆ ಊರಿನ ಕಡೆ ನೋಡಿದರು. ಕಾನ್ವೇ ಅವರನ್ನು ಓದಿದವರಿಗೆ ಆ ಹೆಸರು ಆಗಲೇ ಗೊತ್ತಿತ್ತು.

ಎರಡನೆಯದು ಜಾನ್ ವೇಲಂಟ್ ಅವರ 'ಫೈರ್ ವೆದರ್'. ಕಥೆ ಕಾದಂಬರಿಯಲ್ಲದ ಪುಸ್ತಕಗಳಿಗೆ ಬ್ರಿಟನ್ನಿನಲ್ಲಿ ಕೊಡುವ ಬೇಲಿ ಗಿಫರ್ಡ್ ಪ್ರಶಸ್ತಿ 2023ರಲ್ಲಿ ಇದಕ್ಕೆ ಬಂತು. 2016ರ ಮೇ ತಿಂಗಳಲ್ಲಿ ಕೆನಡಾದ ಫೋರ್ಟ್ ಮೆಕ್‌ಮರಿ ಊರಿಗೆ ಕಾಡ್ಗಿಚ್ಚು ನುಗ್ಗಿತು. ಸುಮಾರು 88,000 ಜನ ಮನೆ ಬಿಟ್ಟು ಹೊರಡಬೇಕಾಯಿತು. ಅದು ಮರಳಿನಿಂದ ತೈಲ ತೆಗೆದು ಬದುಕುವ ಊರು. ಈಗಿನ ಮನೆಗಳೊಳಗೆ ಪೆಟ್ರೋಲಿಯಂನಿಂದ ಮಾಡಿದ ಸಾಮಾನು ಎಷ್ಟಿದೆ, ಸೋಫಾದ ಫೋಮ್‌ನಿಂದ ಹಿಡಿದು ಹೊರಗೋಡೆಯ ಹೊದಿಕೆಯವರೆಗೆ ಅದು ಹೇಗೆ ಉರಿಯುತ್ತದೆ ಅಂತ ಅವರು ಬಿಡಿಸಿ ಹೇಳುತ್ತಾರೆ. ಆ ಪುಟಗಳನ್ನು ಓದಿದ ಮೇಲೆ ಸೋಫಾದ ಮೇಲೆ ಮೊದಲಿನ ಹಾಗೆ ಕೂರಲು ಆಗಲಿಲ್ಲ. ನಿಜವಾಗಿ ಹೇಳುತ್ತಿದ್ದೇನೆ. ಕೊನೆಯ ಭಾಗ ಮಾತ್ರ ಎಳೆದ ಹಾಗಿದೆ. ಬೆಂಕಿಯ ಜೊತೆ ಓಡುತ್ತಿದ್ದ ಪುಸ್ತಕ ಅಲ್ಲಿ ಪಾಠ ಮಾಡಲು ನಿಂತುಬಿಡುತ್ತದೆ.

ಇನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್ ಅವರ 'ದಿ ಆಂಕ್ಷಿಯಸ್ ಜನರೇಷನ್', 2024ರದು. ಇದರ ಬಗ್ಗೆ ನನ್ನ ಮನಸ್ಸು ಎರಡಾಗಿದೆ. 2010ರಿಂದ 2015ರ ನಡುವೆ ಸ್ಮಾರ್ಟ್‌ಫೋನ್ ಬಾಲ್ಯವನ್ನೇ ಬದಲಿಸಿತು, ಮಕ್ಕಳ ಮನಸ್ಸು ಕೆಡಲು ಅದೇ ದೊಡ್ಡ ಕಾರಣ ಅನ್ನುವುದು ಅವರ ವಾದ. 16 ವರ್ಷದ ತನಕ ಸೋಶಿಯಲ್ ಮೀಡಿಯಾ ಬೇಡ, ಶಾಲೆಯಲ್ಲಿ ಫೋನ್ ಬೇಡ, ಮಕ್ಕಳನ್ನು ಅವರ ಪಾಡಿಗೆ ಆಡಲು ಬಿಡಿ ಅನ್ನುತ್ತಾರೆ. ಆಟದ ಬಗ್ಗೆ ಹೇಳಿದ್ದು ನನಗೆ ಪೂರ್ತಿ ಒಪ್ಪಿಗೆ. ಫೋನಿನ ವಾದಕ್ಕೆ ಬಂದಾಗ ನನ್ನ ಪ್ರಶ್ನೆ ಏಳುತ್ತದೆ. ಫೋನ್ ಬಳಕೆಯ ಗೆರೆ, ಮಕ್ಕಳ ಮಾನಸಿಕ ತೊಂದರೆಯ ಗೆರೆ ಎರಡೂ ಒಟ್ಟಿಗೆ ಮೇಲೇರಿದವು ಅಂದ ಮಾತ್ರಕ್ಕೆ ಒಂದು ಇನ್ನೊಂದನ್ನು ಎಳೆಯಿತು ಅನ್ನೋದು ಹೇಗೆ? ಮನಶ್ಶಾಸ್ತ್ರಜ್ಞೆ ಕ್ಯಾಂಡಿಸ್ ಆಜರ್ಸ್ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಇದೇ ಪ್ರಶ್ನೆ ಎತ್ತಿದರು. ಹೈಟ್ ಏನನ್ನೂ ಮುಚ್ಚಿಟ್ಟಿಲ್ಲ, ಅದನ್ನೂ ಹೇಳಬೇಕು. ತಮ್ಮ ಪರ, ವಿರುದ್ಧದ ಅಧ್ಯಯನಗಳನ್ನು ಎಲ್ಲರೂ ನೋಡುವ ಹಾಗೆ ಇಟ್ಟಿದ್ದಾರೆ. ಆದರೂ ಪುಸ್ತಕದ ದನಿಯಲ್ಲಿರುವಷ್ಟು ಧೈರ್ಯ ಆ ಅಧ್ಯಯನಗಳಲ್ಲಿ ನನಗೆ ಕಾಣಲಿಲ್ಲ. ಇದು ಸುಮ್ನೆ ಓದಿ ಮಡಚಿಡುವ ವಿಷಯವಲ್ಲ. ಆಸ್ಟ್ರೇಲಿಯಾದಲ್ಲಿ 16ರ ಒಳಗಿನವರಿಗೆ ಸೋಶಿಯಲ್ ಮೀಡಿಯಾ ಖಾತೆ ಇರಬಾರದು ಅನ್ನುವ ಕಾನೂನು 2025ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿದೆ. ಮಕ್ಕಳ ವಿಷಯ. ಇಂಥ ಕಡೆ ಪುರಾವೆ ಜಾಸ್ತಿಯೇ ಬೇಕು.

ಕೊನೆಯದು ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು. ಜಾನ್ ಗ್ರೀನ್ ಅವರ 'ಎವ್ರಿಥಿಂಗ್ ಈಸ್ ಟ್ಯೂಬರ್ಕ್ಯುಲೋಸಿಸ್', 2025ರದು. ಗ್ರೀನ್ ಕಾದಂಬರಿಕಾರ, ವೈದ್ಯರಲ್ಲ. ಹಾಗಿದ್ದರೆ ಕ್ಷಯದ ಬಗ್ಗೆ ಅವರಿಗೆ ಹೇಗೆ ಗೊತ್ತಾಯ್ತು? 2019ರಲ್ಲಿ ಸಿಯೆರಾ ಲಿಯೋನ್‌ನ ಒಂದು ಆಸ್ಪತ್ರೆಯಲ್ಲಿ ಹೆನ್ರಿ ಅನ್ನುವ ಹುಡುಗ ಅವರನ್ನು ಸುತ್ತಾಡಿಸಿದ. ಗ್ರೀನ್ ಅವರ ಮಗನ ಹೆಸರೂ ಹೆನ್ರಿಯೇ. ಹುಡುಗನಿಗೂ ಹೆಚ್ಚುಕಡಿಮೆ ಮಗನ ವಯಸ್ಸೇ, ಒಂಬತ್ತಿರಬಹುದು ಅಂದುಕೊಂಡರು. ಅವನಿಗೆ ಆಗ 17. ಕಾಯಿಲೆ, ಹಸಿವು ಎರಡೂ ಸೇರಿ ಅವನನ್ನು ಬೆಳೆಯಲು ಬಿಟ್ಟಿರಲಿಲ್ಲ.

ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಜಗತ್ತಿಗೆ ತೋರಿಸಿದ್ದು 1882ರಲ್ಲಿ. ಔಷಧಿ ಬಂದು ದಶಕಗಳೇ ಆದವು. ಆದರೂ 2023ರಲ್ಲಿ ಸುಮಾರು 12.5 ಲಕ್ಷ ಜನ ಇದರಿಂದ ಸತ್ತರು. ಇಷ್ಟು ದೊಡ್ಡ ಸಂಖ್ಯೆ ಓದಿದಾಗ ನನಗೆ ಏನೂ ಅನ್ನಿಸುವುದಿಲ್ಲ, ಮನಸ್ಸು ಮರಗಟ್ಟುತ್ತದೆ. ಗ್ರೀನ್ ಅದನ್ನು ಬಲ್ಲರು. ಅದಕ್ಕೇ ಪ್ರತಿ ಸಲ ಹೆನ್ರಿಯ ಹಾಸಿಗೆಯ ಹತ್ತಿರ ವಾಪಸ್ ಕರೆತರುತ್ತಾರೆ. ಹಳೆಯ ಔಷಧಿಗಳು ಅವನಿಗೆ ಹಿಡಿಯುವುದಿಲ್ಲ. ಹಿಡಿಯುವ ಔಷಧಿ ಜಗತ್ತಿನಲ್ಲಿದೆ, ಅವನ ಹಾಸಿಗೆಯ ತನಕ ಬರುವುದಿಲ್ಲ. ಅವನು ಕಾಯುತ್ತಾನೆ, ಪುಟ ತಿರುಗಿಸುತ್ತಾ ನಾವೂ ಕಾಯುತ್ತೇವೆ.

ಹೆನ್ರಿ ಬದುಕಿದ. ಮುಂದೆ ಕಾಲೇಜಿಗೂ ಸೇರಿದ. ಆ ಪುಟಕ್ಕೆ ಬಂದಾಗ ನಾನು ಅತ್ತುಬಿಟ್ಟೆ. ನಾಲ್ಕರಲ್ಲಿ ಒಂದನ್ನೇ ಓದಲು ಸಮಯವಿದ್ದರೆ ಇದನ್ನು ಓದಿ.