ಫ್ಲೆಕ್ಸ್ ಮೇಲೆ ನೇರ ಕೈಲಾಸ

ನಮಸ್ಕಾರ. ಎಲ್ಲರೂ ಚೆನ್ನಾಗಿದ್ದೀರಾ?

ಹೋದ ವಾರ ಊರಿಗೆ ಹೋಗಿದ್ದೆ. ನಮ್ಮೂರು ಹಿರಿಯೂರು ತಾಲ್ಲೂಕು. ಈರುಳ್ಳಿ ಕಿತ್ತು ಹೊಲದಲ್ಲೇ ರಾಶಿ ಹಾಕಿದ್ದರು. ಸಂಜೆ ಹೊತ್ತಿಗೆ ಮೋಡ ಕಟ್ಟಿತು. ಎಲ್ಲರೂ ಕೈಗೆ ಸಿಕ್ಕಿದ್ದನ್ನ ತಂದು ರಾಶಿ ಮೇಲೆ ಹೊದಿಸಿದರು. ಟಾರ್ಪಾಲು, ಗೊಬ್ಬರದ ಚೀಲ, ಹಳೇ ಸೀರೆ. ಒಂದು ರಾಶಿ ಮೇಲೆ ಮಾತ್ರ ಫ್ಲೆಕ್ಸ್. ಗಾಳಿಗೆ ಹಾರಬಾರದು ಅಂತ ಅಲ್ಲಲ್ಲಿ ಕಲ್ಲು ಹೇರಿದ್ದರು. ಹತ್ತಿರ ಹೋಗಿ ನೋಡಿದರೆ ನಮ್ಮ ವಾಟರ್‌ಮ್ಯಾನ್ ತಾತ! ಹಣೆ ಮೇಲೆ ಒಂದು ಕಲ್ಲು. ಅದರ ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ'.

ಇದನ್ನ ನಾನು ತಪ್ಪು ಅನ್ನಲ್ಲ. ತಾತ ಹರಿದ ಪೈಪನ್ನೂ ಬಿಸಾಕಿದವರಲ್ಲ. ಫ್ಲೆಕ್ಸು ಹಾಳಾಗದೆ ಈರುಳ್ಳಿ ಕಾಯುತ್ತಿದೆ ಅಂದರೆ ಅವರಿಗೂ ಖುಷಿಯೇ. ನನ್ನ ತಕರಾರು ಇರೋದು ಆ ಫ್ಲೆಕ್ಸ್ ಮೇಲೆ ಬರೆದಿರುವುದರ ಬಗ್ಗೆ.

ಒಂದು ವರ್ಷದಲ್ಲಿ ನಮ್ಮೂರಲ್ಲಿ ಏಳು ಜನ ಹೋದರು. ಬಸ್ ಸ್ಟ್ಯಾಂಡಿನ ಹತ್ತಿರ ಎರಡು ಸರ್ವೆ ಕಂಬ ನೆಟ್ಟಿದ್ದಾರೆ, ಆ ಕಂಬಗಳಿಗೇ ಏಳು ಫ್ಲೆಕ್ಸೂ ಒಂದಾದ ಮೇಲೆ ಒಂದು ಏರಿದವು. ಏಳಕ್ಕೂ ಹಿಂದೆ ಅದೇ ಮೋಡ. ಅದೇ ಎರಡು ದೀಪ. ಅದೇ 'ಮತ್ತೆ ಹುಟ್ಟಿ ಬನ್ನಿ'. ಕೆಳಗಡೆ ಸಾಲಾಗಿ ಹದಿನೈದು, ಇಪ್ಪತ್ತು ಫೋಟೊ, ಅದರಲ್ಲಿ ಅರ್ಧ ಮುಂದಿನ ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲೋರು. ಹೊಸಬರು ಯಾರಾದರೂ ಬಸ್ಸಿಳಿದು ನೋಡಿದರೆ ಇವರಲ್ಲಿ ಸತ್ತವರು ಯಾರು ಅಂತ ಒಂದು ನಿಮಿಷ ಹುಡುಕಬೇಕು.

ಅದೇ ಬಸ್ ಸ್ಟ್ಯಾಂಡಿನ ಹಿಂದೆ, ಆಂಜನೇಯನ ಗುಡಿ ಪಕ್ಕ, ಒಂದು ವೀರಗಲ್ಲು ಇದೆ. ಚಿತ್ರದುರ್ಗ, ದಾವಣಗೆರೆ ಕಡೆಯವರಿಗೆ ಇದು ಹೊಸದೇನಲ್ಲ. ಎಷ್ಟೋ ಊರಲ್ಲಿ ಕೆರೆ ಏರಿ ಮೇಲೋ ಗುಡಿ ಮಗ್ಗುಲಲ್ಲೋ ಒಂದಾದರೂ ಇರುತ್ತೆ. ನಮ್ಮೂರಿನದಕ್ಕೆ ಎಣ್ಣೆ ಹಚ್ಚಿ ಹಚ್ಚಿ ಕರ್ರಗಾಗಿದೆ. ಚಿಕ್ಕವರಿದ್ದಾಗ ಅದಕ್ಕೆ ಒರಗಿ ಗೋಲಿ ಆಡುತ್ತಿದ್ದೆವು. ವೀರಗಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತವೆ. ಕೆಳಗಿನ ಪಟ್ಟಿಯಲ್ಲಿ ಆ ಮನುಷ್ಯ ಏನು ಮಾಡುತ್ತಾ ಸತ್ತ ಅಂತ ಇರುತ್ತೆ. ಕೈಯಲ್ಲಿ ಕತ್ತಿ, ಎದುರಿಗೆ ಶತ್ರು, ಎಷ್ಟೋ ಕಡೆ ಹಿಂದೆ ದನಗಳು, ಯಾಕೆಂದರೆ ಊರ ದನ ಹೊಡೆದುಕೊಂಡು ಹೋಗೋಕೆ ಬಂದವರ ಜೊತೆ ಬಡಿದಾಡಿ ಸತ್ತವರೇ ಜಾಸ್ತಿ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಕರೆದುಕೊಂಡು ಹೋಗುತ್ತಾರೆ. ಮೇಲಿನದು ಕೈಲಾಸ. ಲಿಂಗದ ಮುಂದೆ ಕೂತಿರುತ್ತಾನೆ.

ಅಂದರೆ ಆ ಕಲ್ಲುಕುಟಿಗ ಯಾರನ್ನೂ ಸುಮ್ಮನೆ ಕೈಲಾಸಕ್ಕೆ ಕಳಿಸುತ್ತಿರಲಿಲ್ಲ. ಮೊದಲು ಇವನು ಏನು ಮಾಡಿದ, ಕೈಯಲ್ಲಿ ಏನಿತ್ತು, ಎದುರಿಗೆ ಯಾರಿದ್ದರು, ಅದನ್ನ ಕೆತ್ತುತ್ತಿದ್ದ. ನಮ್ಮ ಫ್ಲೆಕ್ಸಿನಲ್ಲಿ ಕೆಳಗಿನ ಪಟ್ಟಿಯೇ ಇಲ್ಲ. ನೇರ ಕೈಲಾಸ, ಮೋಡ, ದೀಪ.

ನನಗೆ ಬೇಕಿರುವುದು ಆ ಕೆಳಗಿನ ಪಟ್ಟಿ.

ಈಗ ವಾಟರ್‌ಮ್ಯಾನ್ ತಾತನನ್ನೇ ತಗೊಳ್ಳಿ. ತೀರಿಕೊಂಡಿದ್ದು ಆಷಾಢದಲ್ಲಿ. ಮಣ್ಣಿಗೆ ಅಂತ ಸುತ್ತಮುತ್ತಲ ಊರಿಂದ ನೆಂಟರೆಲ್ಲ ಬಂದಿದ್ದರು. ಮಣ್ಣು ಮಾಡಿ ವಾಪಸ್ ಬಂದು ಕೈಕಾಲು ತೊಳೆಯೋಣ ಅಂದರೆ ನಲ್ಲಿಯಲ್ಲಿ ನೀರಿಲ್ಲ. ಮೂರು ದಿನ ಬರಲಿಲ್ಲ. ಮೋಟಾರು ಸರಿಯಾಗೇ ಇತ್ತು, ಟ್ಯಾಂಕೂ ತುಂಬಿತ್ತು. ಯಾವ ಬೀದಿಯ ವಾಲ್ವು ಎಲ್ಲಿದೆ ಅಂತ ಗೊತ್ತಿದ್ದವರು ಒಬ್ಬರೇ, ಅವರನ್ನ ಆಗಷ್ಟೇ ಮಣ್ಣು ಮಾಡಿ ಬಂದಿದ್ದೆವು. ಮೇಲಿನ ಬೀದಿಯ ವಾಲ್ವು ಒಂದು ಚಪ್ಪಡಿ ಕೆಳಗಿತ್ತು, ಆ ಚಪ್ಪಡಿ ಮೇಲೆ ಯಾರೋ ಮನೆ ಕಟ್ಟಿಸೋಕೆ ಒಂದು ಲೋಡು ಜಲ್ಲಿ ಹಾಕಿಸಿದ್ದರು. ಕೊನೆಗೆ ಪಂಪ್‌ಹೌಸಿನ ಒಳಗೆ ಹೋಗಿ ನೋಡಿದರೆ ಗೋಡೆ ತುಂಬಾ ಇದ್ದಿಲಲ್ಲಿ ಬರೆದಿದ್ದಾರೆ. ಗೀಟು, ಬಾಣ, ಸೊನ್ನೆ. ಅವರಿಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಅದು ಇಡೀ ಊರಿನ ನಕ್ಷೆ. ಒಂದು ಕಡೆ ಸಣ್ಣ ಹಾವಿನ ಚಿತ್ರ ಇತ್ತು. ಯಾಕೆ ಅಂತ ಆ ವಾಲ್ವಿನ ಗುಂಡಿಗೆ ಕೈ ಹಾಕಿದವನಿಗೆ ಗೊತ್ತಾಯಿತು.

ತಿಥಿ ದಿನ ಮೈಕಿನಲ್ಲಿ ಮಾತಾಡಿದವರು 'ಅಜಾತಶತ್ರು' ಅಂದರು. ನನ್ನ ಪಕ್ಕ ಕೂತಿದ್ದವರು ಮೂಗಲ್ಲೇ ನಕ್ಕರು. ಅಜಾತಶತ್ರು ಹೆಂಗಾಗ್ತಾರೆ? ಯಾರು ನಲ್ಲಿ ಪೈಪಿಗೆ ಮೋಟಾರು ಹಾಕಿ ನೀರು ಎಳೆಯುತ್ತಾರೋ ಅವರ ಬೀದಿಗೆ ಐದು ನಿಮಿಷ ಮೊದಲೇ ವಾಲ್ವು ಬಂದ್ ಮಾಡಿಬಿಡುತ್ತಿದ್ದರು. ತಂಗಿ ಮನೆ ಇದ್ದ ಬೀದಿಗೆ ಹತ್ತು ನಿಮಿಷ ಜಾಸ್ತಿ. ಇದರ ಮೇಲೆ ಅರ್ಜಿ ಹೋಗಿತ್ತು, ಜಗಳ ಆಗಿತ್ತು, ಒಂದು ಸಲ ಅಂಗಿ ಕಾಲರ್ ಹಿಡಿಯೋವರೆಗೂ ಹೋಗಿತ್ತು. ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ನಾವು ಮಾತಾಡಿದ್ದು ಪೂರ್ತಿ ಇದನ್ನೇ. ಅಷ್ಟೊತ್ತೂ ತಾತ ನಮ್ಮ ಮಧ್ಯೆ ಇದ್ದರು. ಮೈಕಿನಲ್ಲಿ ಇರಲಿಲ್ಲ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರೆ. ಒಪ್ಪಿದೆ. ಆದರೆ ತಂಗಿ ಬೀದಿಗೆ ಹತ್ತು ನಿಮಿಷ ಜಾಸ್ತಿ ನೀರು ಬಿಟ್ಟಿದ್ದು ಕೆಟ್ಟದ್ದಾ? ನೀವೇ ಹೇಳಿ.

ನಮ್ಮ ಅಂಗಡಿ ತಾತನೂ ಹೋದರು. ಜಿಪುಣ. ಅವರ ಬಗ್ಗೆ ಇರುವ ಕಥೆಗಳು ಒಂದೊಂದೂ ಒಂದೊಂದು ವಿಡಿಯೊ ಆಗುತ್ತೆ, ಇನ್ನೊಂದು ಸಲ ಮಾಡೋಣ. ಹೈವೇಯಲ್ಲಿ ಬೈಕಿನಿಂದ ಬಿದ್ದು ಹೋದ ಹುಡುಗನ ಬಗ್ಗೆ ನಾನು ಇವತ್ತು ಮಾತಾಡಲ್ಲ. ಅವರಮ್ಮ ಈ ಚಾನೆಲ್ ನೋಡುತ್ತಾರೆ.

ನಮ್ಮಜ್ಜಿ ಬಗ್ಗೆ ಹೇಳುತ್ತೇನೆ. ಏಳರಲ್ಲಿ ಅವರೂ ಒಬ್ಬರು.

ಅಜ್ಜಿ ಹುಟ್ಟಿದ್ದು ಮಾರಿಕಣಿವೆ ಕೋಡಿ ಬಿದ್ದ ವರ್ಷ. ನಮ್ಮ ಕಡೆ ಹಾಗೇ ಹೇಳುವುದು. ವಾಣಿವಿಲಾಸ ಸಾಗರ ಅಂತ ಪುಸ್ತಕದಲ್ಲಿ ಬರೆಯುತ್ತಾರೆ, ನಮ್ಮ ಬಾಯಲ್ಲಿ ಅದು ಮಾರಿಕಣಿವೆ. ಅಣೆಕಟ್ಟು ಕಟ್ಟಿ ಮುಗಿಸಿದ್ದು 1907ರಲ್ಲಿ. ತುಂಬಿ ಕೋಡಿ ಬಿದ್ದಿದ್ದು 1933ರಲ್ಲಿ. ಆಮೇಲೆ 89 ವರ್ಷ ಬೀಳಲಿಲ್ಲ. 2022ರಲ್ಲಿ ಬಿದ್ದಾಗ ಇಡೀ ಜಿಲ್ಲೆ ಅಲ್ಲಿ ಜಾತ್ರೆ ಸೇರಿತ್ತು. ಅಜ್ಜಿಯನ್ನ ಕಾರಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. ಕೋಡಿ ನೀರನ್ನ ಸುಮಾರು ಹೊತ್ತು ನೋಡಿದರು. 'ಇದೇನಾ? ನಮ್ಮವ್ವ ಇದಕ್ಕಿಂತ ದೊಡ್ಡದಾಗಿ ಹೇಳಿದ್ಲು' ಅಂದರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು, ಆಗ ಅಜ್ಜಿ ಎದ್ದು ಓಡಾಡುವ ಹಾಗಿರಲಿಲ್ಲ. ಸುದ್ದಿ ಹೇಳಿದೆ. 'ಈಗ ದಿನಾ ಬೀಳ್ತದೆ ಬಿಡು' ಅಂದರು. ಕೆಲವು ತಿಂಗಳಿಗೆ ಹೋದರು.

ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, 1969ರ ಕಾಯ್ದೆ. ಅರ್ಜಿ ತುಂಬಿದ್ದು ನಾನೇ. ಆಧಾರ್ ಪ್ರಕಾರ ಅಜ್ಜಿ ಹುಟ್ಟಿದ್ದು 01-01-1946. ಆಧಾರ್ ಮಾಡಿಸಿದ ದಿನ ಯಾರೋ ಮುಖ ನೋಡಿ ಬರೆದುಕೊಂಡ ತಾರೀಕು. ಹಳ್ಳಿಯಲ್ಲಿ ಅರ್ಧ ಹಿರಿಯರು ಜನವರಿ ಒಂದಕ್ಕೇ ಹುಟ್ಟಿದವರು ಅಲ್ವಾ? ಹೀಗಾಗಿ ತೊಂಬತ್ತು ದಾಟಿದ ನಮ್ಮಜ್ಜಿ ಸರ್ಕಾರದ ಲೆಕ್ಕದಲ್ಲಿ 79ಕ್ಕೇ ತೀರಿಕೊಂಡರು. ಮುಂದಿನ ಸಾಲು ಉದ್ಯೋಗ. ನಾನು 'ಮನೆಕೆಲಸ' ಅಂತ ಬರೆದೆ. ಯೋಚನೆ ಮಾಡದೆ ಬರೆದೆ. ಎಲ್ಲರೂ ಹಾಗೇ ಬರೆಯುವುದು.

ಅಜ್ಜಿ ಸೂಲಗಿತ್ತಿ. ನಮ್ಮೂರಲ್ಲಿ ನಲವತ್ತೈದು ದಾಟಿದವರನ್ನೆಲ್ಲ ಮೊದಲು ಮುಟ್ಟಿದ ಕೈ ಅದು. ಅದನ್ನೇ ಬರೆಯಲಿಲ್ಲ ನಾನು.

ಆ ಫಾರಂನಲ್ಲಿ ಇನ್ನೊಂದು ಪ್ರಶ್ನೆ ಇದೆ. ತೀರಿಕೊಂಡವರು ಬೀಡಿ ಸಿಗರೇಟು ಸೇದುತ್ತಿದ್ದರೆ ಎಷ್ಟು ವರ್ಷ? ಹೊಗೆಸೊಪ್ಪು ಎಷ್ಟು ವರ್ಷ? ಅಡಿಕೆ ಎಷ್ಟು ವರ್ಷ? ಕುಡಿತ ಎಷ್ಟು ವರ್ಷ? ಅಡಿಕೆ ಮುಂದೆ ಎಪ್ಪತ್ತು ಅಂತ ಬರೆದೆ. ನಮ್ಮಜ್ಜಿಯ ಬಗ್ಗೆ ಸರ್ಕಾರದ ಹತ್ತಿರ ಇರುವ ಒಂದೇ ಒಂದು ನಿಜವಾದ ಸಂಗತಿ ಅದು.

ಆದರೆ ಅವತ್ತು ಮನೆ ಮುಂದೆ ಹೆಣ ಕೂರಿಸಿದ್ದಾಗ ಬೇರೇನೋ ಆಯಿತು. ಆಚೆ ಬೀದಿಯ ಒಬ್ಬರು ದೊಡ್ಡಮ್ಮ ಬಂದರು. ಅಜ್ಜಿಯ ಮೊಣಕಾಲು ಹಿಡಿದು ಕೂತು, ಹಾಡಿಕೊಂಡು ಅಳೋಕೆ ಶುರು ಮಾಡಿದರು. 'ಮಳೆ ರಾತ್ರ್ಯಾಗೆ ಲಾಟೀನು ಹಿಡಕೊಂಡು ಬಂದ್ಯಲ್ಲೇ ನನ್ನವ್ವಾ. ಕಾಲು ಮುಂದಾಗಿ ಬಂದ ಕೂಸ್ನ ತಿರುವಿ ತಗದ್ಯಲ್ಲೇ ನನ್ನವ್ವಾ. ಕೊಟ್ಟ ಸೀರೆ ಸಾಲ್ದು ಅಂತ ಮೂರು ವರ್ಷ ಮಾತು ಬಿಟ್ಟಿದ್ಯಲ್ಲೇ ನನ್ನವ್ವಾ.' ಸೀರೆ ಜಗಳ ನನಗೆ ಗೊತ್ತೇ ಇರಲಿಲ್ಲ! ಅಳುತ್ತಿದ್ದ ಇನ್ನಿಬ್ಬರು ಹೆಂಗಸರು ಅಳುತ್ತಲೇ ನಕ್ಕರು. ಕೆಳಗಿನ ಪಟ್ಟಿ ಅಂದೆನಲ್ಲ, ಅದು ಇದೇ. ಇದನ್ನ ಹೆಂಗಸರು ಯಾವತ್ತಿನಿಂದಲೋ ಕೆತ್ತಿಕೊಂಡೇ ಬಂದಿದ್ದಾರೆ. ಕಲ್ಲಿನ ಮೇಲಲ್ಲ ಅಷ್ಟೇ.

ದೊಡ್ಡಮ್ಮನ ಮಗಳು ಬೆಂಗಳೂರಿಂದ ಬಂದಿದ್ದಳು. ಅಮ್ಮನ ಭುಜ ತಟ್ಟಿ, 'ಸುಮ್ನಿರಮ್ಮ, ಯಾರೋ ವಿಡಿಯೊ ಮಾಡ್ತಿದಾರೆ' ಅಂದಳು. ದೊಡ್ಡಮ್ಮ ಥಟ್ಟನೆ ನಿಲ್ಲಿಸಿಬಿಟ್ಟರು. ವಿಡಿಯೊ ಮಾಡುತ್ತಿದ್ದವನು ನಾನೇ.

ಪಕ್ಕದ ಚಳ್ಳಕೆರೆ ತಾಲ್ಲೂಕಿನಲ್ಲಿ ಸಿರಿಯಜ್ಜಿ ಅಂತ ಇದ್ದರು, ನೀವು ಕೇಳಿರುತ್ತೀರಿ. ಗೊಲ್ಲರಹಟ್ಟಿಯ ಕಾಡುಗೊಲ್ಲರ ಅಜ್ಜಿ, ಅಕ್ಷರ ಗೊತ್ತಿಲ್ಲ, ಸಾವಿರಾರು ಪದ, ಅಂದರೆ ಹಾಡು, ಬಾಯಲ್ಲೇ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಅವರ ಪದ ಉಳಿದಿದ್ದು ಯಾರೋ ಹೋಗಿ, ಅವರು ಬದುಕಿದ್ದಾಗಲೇ ಎದುರಿಗೆ ಕೂತು ಕೇಳಿಸಿಕೊಂಡರು ಅಂತ. ನಾನು ಫೋನು ಹಿಡಿದಿದ್ದು ಹೆಣದ ಮುಂದೆ.

ಇನ್ನೊಬ್ಬರು. ಇವರ ಬಗ್ಗೆ ಹೇಳುವುದು ಕಷ್ಟ. ಕೇರಿಯ ಹಲಗೆ ತಾತ. ಹಲಗೆ ಅಂದರೆ ತಮಟೆ. ನಮ್ಮೂರಲ್ಲಿ ಯಾರೇ ಸತ್ತರೂ ಹೆಣದ ಮುಂದೆ ಅವರ ಹಲಗೆ. ಮನೆ ಮುಂದೆ ಒಂದು ಬಡಿತ, ದಾರಿಯಲ್ಲಿ ಒಂದು, ಊರ ಗಡಿ ದಾಟಿದ ಮೇಲೆ ಇನ್ನೊಂದು. ಹೊಲದಲ್ಲಿದ್ದವರು ಆ ಬಡಿತ ಕೇಳಿಯೇ ಹೆಣ ಎಲ್ಲಿಗೆ ಬಂತು ಅಂತ ಲೆಕ್ಕ ಹಾಕಿ ಸ್ಮಶಾನದ ಕಡೆ ಹೆಜ್ಜೆ ಹಾಕುತ್ತಿದ್ದರು. ಹಲಗೆ ಕಾಯಿಸೋಕೆ ಹುಲ್ಲಿನ ಬೆಂಕಿ ಹಾಕುತ್ತಿದ್ದರು. ಕೈ ಬೆರಳ ತುದಿಯಲ್ಲಿ ಚರ್ಮದ ಮೇಲೆ ಒಂದು ಸಲ ತಟ್ಟಿ ಕಿವಿ ಹತ್ತಿರ ಹಿಡಿಯುತ್ತಿದ್ದರು. ಸರಿಯಿಲ್ಲ ಅಂದರೆ ಮತ್ತೆ ಬೆಂಕಿಗೆ.

ಅವರು ಹೋದಾಗ ಬಡಿಯೋರು ಯಾರೂ ಇರಲಿಲ್ಲ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಹಲಗೆ ಮುಟ್ಟಲ್ಲ ಅಂತ ಅವರು ಎಂದೋ ಹೇಳಿಬಿಟ್ಟಿದ್ದಾರೆ. ಸರಿಯಾಗೇ ಹೇಳಿದ್ದಾರೆ. ಇಷ್ಟು ವರ್ಷ ಬಡಿದಿದ್ದಕ್ಕೆ ಊರು ಕೊಟ್ಟಿದ್ದೇನು? ಒಂದು ಹೊತ್ತಿನ ಊಟ, ಅದೂ ಹೊರಗಡೆ ಕೂರಿಸಿ. 'ಕಲೆ ಉಳಿಸಬೇಕು' ಅಂತ ಆ ಮಕ್ಕಳ ಮುಂದೆ ನಿಂತು ಹೇಳೋಕೆ ನನಗಂತೂ ಮುಖ ಇಲ್ಲ. ಆದರೆ ಊರು ಒಂದು ಕೆಲಸ ಮಾಡಬಹುದಿತ್ತು. ಊರ ಪ್ರತಿಯೊಂದು ಹೆಣವನ್ನೂ ದಾರಿ ಮುಟ್ಟಿಸಿದ ಮನುಷ್ಯನ ಮಣ್ಣಿಗೆ ಊರು ಬರಬಹುದಿತ್ತು. ಮೇಲಿನ ಬೀದಿಯಿಂದ ಬಂದವರನ್ನ ನಾನು ಎಣಿಸಿದೆ, ಒಂಬತ್ತು ಜನ. ಫ್ಲೆಕ್ಸ್ ಮಾತ್ರ ಕಟ್ಟಿದ್ದರು, ಬಸ್ ಸ್ಟ್ಯಾಂಡಿನ ಅದೇ ಕಂಬಗಳಿಗೆ. ಅದರಲ್ಲೂ ಕೆಳಗಡೆ ಅದೇ ಇಪ್ಪತ್ತು ಫೋಟೊ.

ನನ್ನ ಫೋನಿನಲ್ಲಿ ಅವರ ಕೈ ಇರುವ ಹದಿನಾಲ್ಕು ಸೆಕೆಂಡಿನ ವಿಡಿಯೊ ಒಂದಿದೆ. ಯಾರದೋ ಮಣ್ಣಿಗೆ ಹೋದಾಗ ತೆಗೆದಿದ್ದು. ಆ ಬಡಿತಕ್ಕೆ ಏನು ಹೆಸರು, ದಾರಿಯದ್ದಾ ಗಡಿ ದಾಟಿದ್ದಾ, ಕೇಳಿಲ್ಲ. ಅವರ ಜೊತೆ ನಾನು ಕೂತು ಮಾತಾಡಿದ್ದೇ ಇಲ್ಲ.

ಹೋದ ವಾರ ಊರಿಗೆ ಹೋಗಿದ್ದು ಇದಕ್ಕೇ. ಅಂಗಡಿ ತಾತನ ಓರಗೆಯವರೊಬ್ಬರು ಅಜ್ಜಿ ಇದ್ದಾರೆ, ಊರಲ್ಲಿ ಈಗ ಅವರೇ ಹಿರೀಕರು. ದೀಪಾವಳಿಗೆ ಹಿರಿಯರಿಗೆ ಹೊಸ ಬಟ್ಟೆ ಇಟ್ಟು ಎಡೆ ಹಾಕುತ್ತೇವಲ್ಲ, ಎಡೆ ಮುಂದೆ ಯಾವ ಹೆಸರು ಮೊದಲು ಹೇಳಬೇಕು ಅಂತ ಎಲ್ಲ ಮನೆಯವರೂ ಅವರನ್ನೇ ಕೇಳುವುದು. ಜಗಲಿ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಫೋನು ಆನ್ ಮಾಡಿ ಮುಂದಿಟ್ಟೆ.

'ಏನಪ್ಪ, ನಾನು ಸಾಯ್ತೀನಿ ಅಂತ ಬಂದಿದ್ದೀಯಾ?' ಅಂದರು.

ಇಲ್ಲಜ್ಜಿ ಅಂದೆ. ನಂಬಲಿಲ್ಲ. ಒಂದಿಷ್ಟು ಕಾಯಿ ನನ್ನ ಕಡೆ ತಳ್ಳಿದರು, ಸುಲಿ ಅಂತ. ಸುಲಿಯುತ್ತಾ ಕೂತೆ. ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ರೆಕಾರ್ಡಿಂಗ್ ಕೇಳಿದರೆ ಆರು ನಿಮಿಷ ಬರೀ ಶೇಂಗಾ ಒಡೆಯುವ ಸದ್ದು.

ಆಮೇಲೆ ಅವರೇ ಫೋನಿನ ಹತ್ತಿರಕ್ಕೆ ಬಗ್ಗಿ, 'ಕೇಳಿಸ್ತದಾ ಇದಕ್ಕೆ?' ಅಂದರು. ಕೇಳಿಸ್ತದೆ ಅಂದೆ.

'ಹಂಗಾದ್ರೆ ಮೊದ್ಲು ಇದನ್ನ ಬರ್ಕೋ. ನಿಮ್ಮ ತಾತ ನಂಗೆ ಎರಡು ಸೇರು ಬಿತ್ತನೆ ಶೇಂಗಾ ಕೊಡಬೇಕು.'