42ಕ್ಕೂ 18ಕ್ಕೂ ನಡುವೆ ನಮ್ಮ ಮನೆ

ನಮ್ಮ ಮನೆಯ ಟಿವಿ ರಿಮೋಟನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಧ್ವನಿ ಏರಿಸುವ ಗುಂಡಿಯ ಮೇಲಿನ ಗುರುತು ಅಜ್ಜನ ಹೆಬ್ಬೆರಳಿನಿಂದ ಸವೆದುಹೋಗಿದೆ. ಇಳಿಸುವ ಗುಂಡಿಯದು ಅಪ್ಪನ ಹೆಬ್ಬೆರಳಿನಿಂದ. ಅಜ್ಜ ಬಂದು ಕುಳಿತರೆಂದರೆ ಧ್ವನಿ 42ಕ್ಕೆ ಏರುತ್ತದೆ, ಅವರು ನೀರು ಕುಡಿಯಲು ಎದ್ದ ಕೂಡಲೇ ಅಪ್ಪ ಅದನ್ನು 18ಕ್ಕೆ ಇಳಿಸುತ್ತಾರೆ, ಮರಳಿ ಬಂದ ಅಜ್ಜ "ಯಾರೋ ಮುಟ್ಟಿದ್ದಾರೆ" ಎನ್ನುವಷ್ಟರಲ್ಲಿ ಅಪ್ಪ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿರುತ್ತಾರೆ. ಅಜ್ಜನದು ಹಠವೆಂದು ಅಪ್ಪ, ಮಗನಿಗೆ ತಾಳ್ಮೆಯಿಲ್ಲವೆಂದು ಅಜ್ಜ. ಇಬ್ಬರ ದೂರೂ ಅಮ್ಮನ ಬಳಿಗೇ ಬರುತ್ತದೆ.

ಮೊನ್ನೆ ಹೊರಡುವ ಅವಸರದಲ್ಲಿ ಅಪ್ಪ ಬೆನ್ನು ತಿರುಗಿಸಿಕೊಂಡೇ "ಅಪ್ಪಾ, ಚಾವಿ ಎಲ್ಲಿದೆ?" ಎಂದು ಕೇಳಿದರು. "ಬಾವಿ ಮುಚ್ಚಿಸಿ 20 ವರ್ಷವಾಯಿತಲ್ಲೋ, ಈಗೇಕೆ ಅದು?" ಎಂದು ಅಜ್ಜ ಗಾಬರಿಯಿಂದ ಎದ್ದು ನಿಂತರು. "ಚಾವಿ!" ಎಂದು ಅಪ್ಪ ಕೂಗಿದಾಗ, "ಕೂಗಬೇಡ, ನನಗೇನು ಕಿವುಡೇ?" ಎಂಬ ಉತ್ತರ ಬಂದಿತು. ಚಾವಿ ಅಪ್ಪನ ಜೇಬಿನಲ್ಲೇ ಇತ್ತು.

ಕೂಗಬೇಡವೆಂದ ಅಜ್ಜನ ಮಾತಿನಲ್ಲಿ ಸತ್ಯವಿತ್ತೆಂದು ನಾನು ಒತ್ತಿ ಹೇಳಲೇಬೇಕು. ವಯಸ್ಸಾದಂತೆ ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ನಶಿಸುತ್ತವೆ, ನಶಿಸಿದವು ಮತ್ತೆ ಹುಟ್ಟುವುದಿಲ್ಲ. ಎಳೆಯ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗೂ, ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ ಸದ್ದಿನವರೆಗೂ, ಕೇಳಿಸುತ್ತದೆ. ಮುಪ್ಪಿನಲ್ಲಿ ಮೊದಲು ಮಸುಕಾಗುವುದು ಹೀಗೆ ಹೆಚ್ಚು ವೇಗವಾಗಿ ಕಂಪಿಸುವ, ಮೇಲಿನ ಕಂಪನದ ಸದ್ದುಗಳೇ. ಆ, ಓ ಮುಂತಾದ ಸ್ವರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿದ್ದರೆ, ಸ, ಶ, ಚಗಳ ಸುಯ್ಯೆನ್ನುವ ಸಪ್ಪಳ ಮೇಲಿನ ಕಂಪನಗಳಲ್ಲಿದೆ. ಹಾಗಾಗಿ ಯಾರೋ ಮಾತಾಡುತ್ತಿರುವುದು ಅಜ್ಜನಿಗೆ ಚೆನ್ನಾಗಿಯೇ ಕೇಳಿಸುತ್ತದೆ, ಆಡಿದ್ದೇನೆಂದು ಮಾತ್ರ ತಿಳಿಯುವುದಿಲ್ಲ. ಕೂಗಿದರೆ ಸ್ವರಗಳ ಅಬ್ಬರ ಹೆಚ್ಚುತ್ತದೆಯೇ ಹೊರತು ಚಾವಿ ಚಾವಿಯಾಗುವುದಿಲ್ಲ. ಎದುರಿಗೆ ಬಂದು, ತುಟಿ ಕಾಣುವಂತೆ, ನಿಧಾನವಾಗಿ ಆಡಿದ ಒಂದು ಮಾತು ಎಷ್ಟೋ ಮೇಲು. ಇದನ್ನು ಕೇಳಿದ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಕಿವಿ ತಪಾಸಣೆಗೆ ಅಜ್ಜನನ್ನು ಒಪ್ಪಿಸಿದ್ದು ಅಮ್ಮ.

ಈ ವಾರ ನಾನು ಟಿವಿಯಲ್ಲಿ ಸಬ್‌ಟೈಟಲ್ ಹಾಕಿಕೊಟ್ಟೆ. ಧ್ವನಿ 18ರಲ್ಲೇ ನಿಂತಿದೆ. ಅಜ್ಜ ಕನ್ನಡಕ ಏರಿಸಿಕೊಂಡು ಪರದೆಯ ಮೇಲಿನ ಪ್ರತಿಯೊಂದು ಸಾಲನ್ನೂ, ತರಗತಿಯಲ್ಲಿ ಎದ್ದು ನಿಂತು ಪಾಠ ಓದುವವರಂತೆ, ಗಟ್ಟಿಯಾಗಿ ಓದುತ್ತಿದ್ದಾರೆ. ಪಕ್ಕದಲ್ಲಿ ಕುಳಿತ ಅಪ್ಪನ ಕೈ ತನ್ನಷ್ಟಕ್ಕೆ ತಾನೇ ರಿಮೋಟಿಗಾಗಿ ತಡಕಾಡುತ್ತಿದೆ.