ಪ್ಯಾಕೆಟ್ ಮುಗಿದ ಮೇಲಿನ ಊಟ

(ವಿಶ್ವ ಮಧುಮೇಹ ದಿನದಂದು ಮೈಸೂರಿನ ಸಭೆಯೊಂದರಲ್ಲಿ ಆಹಾರ ತಜ್ಞೆಯೊಬ್ಬರು ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ತೂಕ ಇಳಿಸಿದರೆ ಸಕ್ಕರೆ ಕಾಯಿಲೆಗೆ ಎಷ್ಟು ಒಳ್ಳೆಯದು ಅಂತ ಡಾಕ್ಟರು ಈಗಷ್ಟೇ ವಿವರವಾಗಿ ಹೇಳಿದರು. ಅದನ್ನೇ ಮತ್ತೆ ಹೇಳಿ ನಿಮ್ಮ ಸಮಯ ತೆಗೆದುಕೊಳ್ಳುವುದಿಲ್ಲ. ಈ ಸಭೆಯಲ್ಲಿ ತೂಕ ಇಳಿಸಿದವರು ಬೇಕಾದಷ್ಟು ಜನ ಇದ್ದೀರಿ. ಊಟದ ಬದಲು ಪ್ಯಾಕೆಟ್ಟಿನ ಪೌಡರ್ ಕಲಸಿ ಕುಡಿದವರಿದ್ದೀರಿ, ಅಳತೆ ಮಾಡಿದ ಡಬ್ಬದ ಊಟ ತರಿಸಿಕೊಂಡವರಿದ್ದೀರಿ. ಇಳಿಸುವುದು ನಿಮಗೆ ಗೊತ್ತು. ಪ್ಯಾಕೆಟ್ ಮುಗಿದ ಮರುದಿನದಿಂದ ಮುಂದಿನ ಆರು ತಿಂಗಳು ಇದೆಯಲ್ಲ, ನಾನು ಮಾತಾಡುವುದು ಅದರ ಬಗ್ಗೆ.

ನಾನು ಪ್ಯಾಕೆಟ್ ವಿರೋಧಿ ಅಂತ ತಿಳಿಯಬೇಡಿ. ನಮ್ಮ ವೃತ್ತಿಯಲ್ಲಿ ಪೌಡರ್ ಅಂದರೆ ಮೂಗು ಮುರಿಯುವವರು ಜಾಸ್ತಿ. ಆದರೆ ಸಾಕ್ಷ್ಯ ಕಣ್ಣ ಮುಂದಿದೆ. ಬ್ರಿಟನ್ನಿನಲ್ಲಿ ಡೈರೆಕ್ಟ್ ಅನ್ನುವ ಅಧ್ಯಯನ ನಡೆಯಿತು. ಗ್ಲ್ಯಾಸ್ಗೋದ ಮೈಕ್ ಲೀನ್, ನ್ಯೂಕ್ಯಾಸಲ್‌ನ ರಾಯ್ ಟೇಲರ್ ಅದರ ಮುಂದಾಳುಗಳು. ಸಕ್ಕರೆ ಕಾಯಿಲೆ ಗೊತ್ತಾಗಿ ಆರು ವರ್ಷ ದಾಟದವರನ್ನು ಆರಿಸಿಕೊಂಡರು. ದಿನಕ್ಕೆ 825ರಿಂದ 853 ಕ್ಯಾಲೊರಿ, ಅದೂ ಪ್ಯಾಕೆಟ್ಟಿನ ಪಾನೀಯ, ಸೂಪುಗಳಿಂದ. ಮೂರು ತಿಂಗಳು, ಬೇಕಾದರೆ ಐದು ತಿಂಗಳವರೆಗೆ. 2017ರ ಡಿಸೆಂಬರಿನಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಮೊದಲ ವರ್ಷದ ಫಲಿತಾಂಶ ಬಂತು. ನೂರಕ್ಕೆ 46 ಮಂದಿಗೆ ಮಾತ್ರೆ ಇಲ್ಲದೆಯೇ ಸಕ್ಕರೆ ಹಿಡಿತದಲ್ಲಿತ್ತು. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಹಾಗಾದದ್ದು ನೂರಕ್ಕೆ 4 ಮಂದಿಗೆ.

ಈ ಅಂಕಿಯನ್ನು ಎಲ್ಲರೂ ಹೇಳುತ್ತಾರೆ, ಪೌಡರ್ ಮಾರುವವರಂತೂ ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ಅದೇ ಅಧ್ಯಯನದ ಎರಡನೇ ಅರ್ಧವನ್ನು ಯಾಕೆ ಯಾರೂ ಹೇಳುವುದಿಲ್ಲ? ಪ್ಯಾಕೆಟ್ ನಿಂತ ಮೇಲೆ ಅವರನ್ನು ಸುಮ್ನೆ ಮನೆಗೆ ಕಳಿಸಲಿಲ್ಲ. ಎರಡರಿಂದ ಎಂಟು ವಾರದಲ್ಲಿ ಹಂತಹಂತವಾಗಿ ಊಟ ಶುರು ಮಾಡಿಸಿದರು. ಆಮೇಲೆ ತಿಂಗಳಿಗೊಮ್ಮೆ ನರ್ಸ್ ಅಥವಾ ಆಹಾರ ತಜ್ಞರ ಭೇಟಿ. ತೂಕ 2 ಕೆಜಿಗಿಂತ ಹೆಚ್ಚಾದರೆ ಏನು ಮಾಡಬೇಕು, 4 ಕೆಜಿಗಿಂತ ಹೆಚ್ಚಾದರೆ ಏನು ಮಾಡಬೇಕು ಅಂತ ಮೊದಲೇ ಬರೆದಿಟ್ಟುಕೊಂಡಿದ್ದರು. ಇಷ್ಟೆಲ್ಲ ಮಾಡಿದರೂ ಒಂದನೇ ವರ್ಷಕ್ಕೆ ಸರಾಸರಿ 10 ಕೆಜಿ ಇಳಿದಿದ್ದ ತೂಕ, ಎರಡನೇ ವರ್ಷಕ್ಕೆ ನೋಡಿದರೆ ಸ್ವಲ್ಪ ವಾಪಸು ಏರಿ, ಒಟ್ಟು ಇಳಿಕೆ 7.6 ಕೆಜಿಗೆ ಬಂದಿತ್ತು. ಅಷ್ಟು ಆರೈಕೆ ಇದ್ದವರಿಗೇ ಹೀಗಾದರೆ, ನಮ್ಮಲ್ಲಿ ಕೊನೆಯ ಡಬ್ಬ ಮುಗಿದ ದಿನ ವಾಟ್ಸಾಪ್ ಗುಂಪಿನಿಂದ ಹೊರಗೆ ಬರುವವರ ಗತಿ ಏನು, ಹೇಳಿ.

ಪ್ಯಾಕೆಟ್ ನಿಜವಾಗಿ ಏನು ಮಾಡುತ್ತದೆ ಅಂತ ಯೋಚನೆ ಮಾಡಿ. ಅದು ಕ್ಯಾಲೊರಿ ಕಡಿಮೆ ಮಾಡುತ್ತದೆ, ಸರಿ. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ನೀವು ಮಾಡಬೇಕಾದ ತೀರ್ಮಾನಗಳನ್ನೆಲ್ಲ ಅದೇ ಮಾಡಿಬಿಡುತ್ತದೆ. ಎಷ್ಟು ತಿನ್ನಬೇಕು, ಯಾವಾಗ ತಿನ್ನಬೇಕು, ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳಲಾ ಬೇಡವಾ, ಯಾವುದನ್ನೂ ಕೇಳಿಕೊಳ್ಳಬೇಕಾಗಿಲ್ಲ. ನೀರು, ಪೌಡರ್, ಕಲಸು, ಕುಡಿ. ಪ್ಯಾಕೆಟ್ ನಿಂತ ದಿನ ಆ ತೀರ್ಮಾನಗಳೆಲ್ಲ ಒಟ್ಟಿಗೆ ವಾಪಸು ಬರುತ್ತವೆ. ಬೆಳಗ್ಗೆ ಎಷ್ಟು ಇಡ್ಲಿ, ಚಟ್ನಿಗೆ ಕಾಯಿ ಎಷ್ಟು, ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು, ಸಂಜೆ ಕಾಫಿ ಜೊತೆ ಚಕ್ಕುಲಿ. ಒಂದೇ ದಿನದಲ್ಲಿ ಅಷ್ಟನ್ನೂ ಸಂಭಾಳಿಸು ಅಂದರೆ ಯಾರಿಂದ ಆಗುತ್ತದೆ? ಅದಕ್ಕೇ ನಾನು ಹೇಳುವುದು: ತೀರ್ಮಾನಗಳನ್ನು ಒಂದೊಂದಾಗಿ ವಾಪಸು ತೆಗೆದುಕೊಳ್ಳಿ. ಒಂದೊಂದೇ ಊಟ.

ಇದರಲ್ಲಿ ಎಡವಿದವರು ಸಾಮಾನ್ಯರು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಓಪ್ರಾ ವಿನ್‌ಫ್ರೇ ಹೆಸರು ಕೇಳಿದ್ದೀರಿ. 1988ರ ನವೆಂಬರ್ 15ರಂದು ಆಕೆ ತನ್ನ ಟಿವಿ ಕಾರ್ಯಕ್ರಮಕ್ಕೆ ಒಂದು ಪುಟ್ಟ ಕೆಂಪು ಗಾಡಿ ಎಳೆದುಕೊಂಡು ಬಂದರು. ಅದರ ತುಂಬ ಪ್ರಾಣಿಯ ಕೊಬ್ಬು, 67 ಪೌಂಡು. ಅಂದರೆ ಸುಮಾರು 30 ಕೆಜಿ. ನಾನು ಇಷ್ಟು ಇಳಿಸಿದ್ದೇನೆ, ನೋಡಿ, ಅಂತ ತೋರಿಸಿದರು. ನಾಲ್ಕು ತಿಂಗಳು ಬರೀ ದ್ರವ ಆಹಾರ, ಒಂದು ತುತ್ತು ಊಟ ಇಲ್ಲ. ಇಡೀ ದೇಶ ಚಪ್ಪಾಳೆ ತಟ್ಟಿತು. ಮತ್ತೆ ಊಟ ಶುರು ಮಾಡಿದ ಎರಡು ವಾರಕ್ಕೆ ತೂಕ 10 ಪೌಂಡು ಏರಿತ್ತು ಅಂತ ಆಮೇಲೆ ಅವರೇ ಹೇಳಿಕೊಂಡರು. ದುಡ್ಡಿಗೆ ಕೊರತೆ ಇಲ್ಲ, ಮನೆಯಲ್ಲಿ ಬಾಣಸಿಗರು, ಹೊರಗೆ ವೈದ್ಯರು. ಛಲವಂತೂ ನಾವೆಲ್ಲ ಕಂಡದ್ದೇ. ಅಂಥವರಿಗೇ ತೂಕ ಹಾಗೆ ವಾಪಸು ಬಂತು ಅಂದ ಮೇಲೆ, ನಿಮ್ಮ ಮನೆಯ ಹುಡುಗಿಗೆ “ನಿನಗೆ ಬಾಯಿ ಕಟ್ಟೋಕೆ ಬರಲ್ಲ” ಅಂತ ಅನ್ನುವ ಮುಂಚೆ ದಯವಿಟ್ಟು ಯೋಚಿಸಿ.

ದೇಹದ ಲೆಕ್ಕ ಬೇರೆಯೇ ಇದೆ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಜೊತೆಗಾರರು ಹಾಕಿದ ಅಂದಾಜು ಇದು. ಇಳಿದ ಒಂದೊಂದು ಕೆಜಿಗೆ ದೇಹ ದಿನಕ್ಕೆ 20ರಿಂದ 30 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತದೆ. ಅದೇ ಒಂದು ಕೆಜಿಗೆ ಹಸಿವು ಮಾತ್ರ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಹತ್ತು ಕೆಜಿ ಇಳಿಸಿದವರ ಲೆಕ್ಕ ನೀವೇ ಹಾಕಿ. ಖರ್ಚು ಇನ್ನೂರು ಮುನ್ನೂರು ಇಳಿಯಿತು, ಹಸಿವು ಸಾವಿರ ಏರಿತು. ಮೆಲ್ಬರ್ನ್‌ನಲ್ಲಿ ಪ್ರಿಯಾ ಸುಮಿತ್ರನ್ ಮತ್ತು ಸಂಗಡಿಗರು ಹತ್ತು ವಾರದ ಪಥ್ಯ ಮಾಡಿದವರನ್ನು ಒಂದು ವರ್ಷದ ನಂತರ ಮತ್ತೆ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಹಸಿವು ಹೆಚ್ಚಿಸುವ ಗ್ರೆಲಿನ್ ಹಾರ್ಮೋನು ಆಗಲೂ ಮೇಲೇ ಇತ್ತು, ಸಾಕು ಅನ್ನಿಸುವ ಲೆಪ್ಟಿನ್ ಹಾರ್ಮೋನು ಕೆಳಗೇ ಇತ್ತು. ಒಂದು ವರ್ಷ ಆದ ಮೇಲೂ! ಹಸಿವಾಗುತ್ತದೆ ಅಂತ ನನ್ನ ಬಳಿ ಬಂದು ತಲೆ ತಗ್ಗಿಸಿ ಹೇಳುವವರಿದ್ದಾರೆ. ತಲೆ ತಗ್ಗಿಸುವಂಥದ್ದು ಇದರಲ್ಲಿ ಏನೂ ಇಲ್ಲ.

ಈಗ ನನ್ನ ಬಳಿ ಬಂದಿದ್ದ ಒಬ್ಬ ಶಿಕ್ಷಕಿಯ ವಿಷಯ. ಶ್ರೀರಂಗಪಟ್ಟಣದ ಕಡೆಯವರು. ಪೌಡರ್ ಕುಡಿದು ಚೆನ್ನಾಗಿ ಇಳಿಸಿದ್ದರು. ಪ್ಯಾಕೆಟ್ ಇನ್ನೂ ಸ್ವಲ್ಪ ಉಳಿದಿರುವಾಗಲೇ ಬಂದದ್ದು ಒಳ್ಳೆಯದಾಯಿತು. ಮುಗಿದ ಮೇಲೆ ಬರುವವರೇ ಜಾಸ್ತಿ. ಮನೆಯಲ್ಲಿ ರಾತ್ರಿ ಮುದ್ದೆ, ಬಸ್ಸಾರು. “ನಾನು ತಿನ್ನೋದು ಒಂದೇ ಮುದ್ದೆ ಮೇಡಂ” ಅಂದರು. ಮುದ್ದೆ ಕಟ್ಟುವುದು ಯಾರು ಅಂತ ಕೇಳಿದೆ. ಅತ್ತೆ. ಹಾಗಾದರೆ ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಅಂದೆ.

ಅತ್ತೆ ಬಂದರು. ಕೈಯಲ್ಲಿ ಚೀಲ, ಚೀಲದಲ್ಲಿ ನನಗೆ ಅಂತ ಒಂದು ಕಟ್ಟು ದಂಟಿನ ಸೊಪ್ಪು. “ಅಮ್ಮ, ಒಂದು ಮುದ್ದೆಗೆ ಎಷ್ಟು ಹಿಟ್ಟು ಹಾಕ್ತೀರಿ?” ಅಂದೆ. “ಅಳತೆ ಎಲ್ಲಿ ಬಂತವ್ವ, ಕೈಗೇ ಗೊತ್ತಾಯ್ತದೆ” ಅಂದರು. ನನ್ನ ಟೇಬಲ್ ಮೇಲೆ ತಕ್ಕಡಿ ಇತ್ತು, ಡಬ್ಬದಲ್ಲಿ ರಾಗಿ ಹಿಟ್ಟು ಇತ್ತು. ಒಂದು ಮುದ್ದೆಗೆ ಬೇಕಾದಷ್ಟು ಬಟ್ಟಲಿಗೆ ಹಾಕಿ ಅಂದೆ. ಹಾಕಿದರು. 150 ಗ್ರಾಂ. ನೂರು ಗ್ರಾಂ ರಾಗಿ ಹಿಟ್ಟಿಗೆ ಸುಮಾರು 320 ಕ್ಯಾಲೊರಿ. ಆ ಮುದ್ದೆ 480 ಆಯಿತು. ಸೊಸೆ ಕುಡಿಯುತ್ತಿದ್ದ ಪ್ಯಾಕೆಟ್ ಒಂದಕ್ಕೆ ಸುಮಾರು 200. ಸಾರು, ಪಲ್ಯ, ಆಮೇಲಿನ ಅನ್ನ ಸೇರುವ ಮುಂಚೆಯೇ ಎರಡು ಪ್ಯಾಕೆಟ್ಟಿಗಿಂತ ಜಾಸ್ತಿ.

ಇದನ್ನು ಕೇಳಿ ಮುದ್ದೆ ಬಿಟ್ಟುಬಿಡಿ ಅಂತ ನಾನು ಹೇಳಿದೆ ಅಂದುಕೊಂಡು ಹೋಗಬೇಡಿ. ಅಧ್ಯಕ್ಷರು ಮಂಡ್ಯದವರು, ನನ್ನನ್ನು ಇಲ್ಲಿಂದ ಇಳಿಯಲು ಬಿಡುವುದಿಲ್ಲ. ಮುದ್ದೆ ಇರಲಿ. ಅಳತೆ ಗೊತ್ತಿರಲಿ. ಆ ಅಮ್ಮ ಸ್ವಲ್ಪ ಹೊತ್ತು ತಕ್ಕಡಿಯನ್ನೇ ನೋಡಿದರು. “ಅರ್ಧ ಮುದ್ದೆ ಉಂಡ್ರೆ ಹೊಟ್ಟೆಗೆ ಸಾಲ್ತದೇನವ್ವ? ಸ್ಕೂಲಲ್ಲಿ ದಿನವಿಡೀ ನಿಂತ್ಕಂಡಿರ್ತಾಳೆ” ಅಂದರು. ಅದು ಪ್ರೀತಿಯ ಮಾತು, ಅದಕ್ಕೆ ಉತ್ತರ ಕೊಡಲೇಬೇಕು. 80 ಗ್ರಾಂ ಹಿಟ್ಟಿನ ಮುದ್ದೆ, ಬಸ್ಸಾರಿನ ಸೊಪ್ಪು ಕಾಳಿನ ಪಲ್ಯ ಮೊದಲಿನ ಎರಡರಷ್ಟು, ಒಗ್ಗರಣೆಗೆ ಅಳತೆಯ ಚಮಚದ ಎಣ್ಣೆ ಅಂತ ತೀರ್ಮಾನವಾಯಿತು. ಹೊಟ್ಟೆ ತುಂಬಿತು. ಅತ್ತೆಗೂ ಸಕ್ಕರೆ ಇತ್ತು. ಸೊಸೆಗೆ ಅಂತ ಶುರು ಮಾಡಿದ ಅಳತೆಯನ್ನು ತಮಗೂ ಇಟ್ಟುಕೊಂಡರು.

ಮೊದಲ ಎರಡು ವಾರ ರಾತ್ರಿ ಊಟ ಒಂದೇ ಮನೆಯದು, ಉಳಿದ ಹೊತ್ತು ಪ್ಯಾಕೆಟ್. ಮೊದಲ ವಾರದಲ್ಲೇ ಗಾಬರಿಯಿಂದ ಫೋನ್ ಬಂತು. “ಮೇಡಂ, ಒಂದೂವರೆ ಕೆಜಿ ಏರಿಬಿಟ್ಟಿದೆ, ಎಲ್ಲ ಹೋಯ್ತು!” ಇಲ್ಲಿ ಎಲ್ಲರೂ ಗಮನ ಕೊಡಿ, ಬಹಳ ಜನ ಕೈ ಚೆಲ್ಲುವುದು ಈ ವಾರದಲ್ಲೇ. ಪಥ್ಯದಲ್ಲಿ ಪಿಷ್ಟ ಕಡಿಮೆ ಇದ್ದಾಗ ಸ್ನಾಯು ಮತ್ತು ಯಕೃತ್ತಿನಲ್ಲಿ ದೇಹ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೊಜೆನ್, ಖಾಲಿಯಾಗುತ್ತದೆ. ಅನ್ನ, ಮುದ್ದೆ ಮತ್ತೆ ಬಂದಾಗ ಅದು ತುಂಬಿಕೊಳ್ಳುತ್ತದೆ. ಒಂದು ಗ್ರಾಂ ಗ್ಲೈಕೊಜೆನ್ ಜೊತೆಗೆ ಸುಮಾರು ಮೂರು ಗ್ರಾಂ ನೀರು ಸೇರುತ್ತದೆ. ನಮ್ಮ ಸಾರು, ಉಪ್ಪಿನಕಾಯಿಯ ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ಒಂದೆರಡು ಕೆಜಿ ಹೀಗೆ ಏರುವುದು ಸಹಜ. ಅದು ಕೊಬ್ಬಲ್ಲ. ಓಪ್ರಾ ಅವರ ಎರಡು ವಾರದ ಏರಿಕೆಯಲ್ಲೂ ಇಂಥ ನೀರಿನ ಪಾಲು ಇದ್ದೇ ಇರುತ್ತದೆ. ಮೊದಲೇ ಹೇಳಿರಲಿಲ್ಲ ಅಂದರೆ ಆ ಶಿಕ್ಷಕಿ ಅವತ್ತೇ “ಇನ್ನೇನು, ಹೇಗಿದ್ದರೂ ಏರಿತು” ಅಂತ ಎಲ್ಲ ಬಿಡುತ್ತಿದ್ದರು. ಹೇಳಿದ್ದೆ, ಆದರೂ ಗಾಬರಿಯಾಯಿತು. ಫೋನ್ ಮಾಡಿದರು, ಅದು ಮುಖ್ಯ. ನಾಲ್ಕೈದು ದಿನಕ್ಕೆ ತೂಕ ನಿಂತಿತು.

ಆಮೇಲೆ ಬೆಳಗಿನ ತಿಂಡಿ ಸೇರಿಸಿದೆವು, ಅದು ಸುಲಭವಾಗಿ ಹೋಯಿತು. ಮಧ್ಯಾಹ್ನದ ಸ್ಕೂಲ್ ಡಬ್ಬಿ ಕೊನೆಗೆ. ಸಹೋದ್ಯೋಗಿಗಳು ಹಂಚಿ ತಿನ್ನುವ ಡಬ್ಬಿ ಅದು, ಕಷ್ಟ ಅಲ್ಲೇ ಇತ್ತು. ಇಳಿದದ್ದರಲ್ಲಿ ಮುಕ್ಕಾಲು ಪಾಲು ಈಗಲೂ ಉಳಿಸಿಕೊಂಡಿದ್ದಾರೆ. ಪೂರ್ತಿ ಅಲ್ಲ. ಮುಕ್ಕಾಲು ಉಳಿದರೆ ಅದು ದೊಡ್ಡ ಗೆಲುವು, ಅದನ್ನು ಸೋಲು ಅಂತ ಕರೆಯಬೇಡಿ.

ಚೀಟಿ ಬಂತು, ಸಮಯ ಆಗಿದೆಯಂತೆ. ಬರೆದುಕೊಂಡು ಬಂದದ್ದು ಇನ್ನೂ ತುಂಬಾ ಇದೆ. ಬೇಗ ಬೇಗ ಹೇಳುತ್ತೇನೆ.

ತೂಕ ನೋಡಿಕೊಳ್ಳುವುದು. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಪಟ್ಟಿ ಇದೆ. ರೀನಾ ವಿಂಗ್, ಜೇಮ್ಸ್ ಹಿಲ್ ಶುರು ಮಾಡಿದ್ದು. ಕಡಿಮೆ ಅಂದರೂ 13.6 ಕೆಜಿ ಇಳಿಸಿ ಒಂದು ವರ್ಷ ಉಳಿಸಿಕೊಂಡವರು ಸೇರುತ್ತಾರೆ, 10,000ಕ್ಕೂ ಹೆಚ್ಚು ಜನ ಇದ್ದಾರೆ. ಅವರಲ್ಲಿ ಮುಕ್ಕಾಲು ಪಾಲು ಮಂದಿ ವಾರಕ್ಕೊಮ್ಮೆಯಾದರೂ ತೂಕ ನೋಡುತ್ತಾರೆ. ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆ ನಡೆಯುತ್ತಾರೆ ಅಥವಾ ಬೇರೆ ವ್ಯಾಯಾಮ ಮಾಡುತ್ತಾರೆ. ನೀವೂ ಒಂದು ಗೆರೆ ಹಾಕಿಕೊಳ್ಳಿ. ಊಟಕ್ಕೆ ಮರಳಿದ ಮೇಲೆ ನಿಂತ ತೂಕಕ್ಕಿಂತ 2 ಕೆಜಿ ಏರಿದರೆ ಅದೇ ವಾರ ಒಂದು ಹೊತ್ತಿನ ಊಟದ ಬದಲು ಮತ್ತೆ ಪ್ಯಾಕೆಟ್, ನಾಲ್ಕು ವಾರ. ಹತ್ತು ಕೆಜಿ ಏರುವವರೆಗೆ ಕಾಯಬೇಡಿ. ನೋಡಿ, ಇಲ್ಲೂ ಅದೇ ಮಾತು: ತೀರ್ಮಾನ ಮೊದಲೇ ಆಗಿರಬೇಕು.

ನಡಿಗೆ. ಕುಕ್ಕರಹಳ್ಳಿ ಕೆರೆ ಸುತ್ತುವವರು ಇಲ್ಲಿ ಬಹಳ ಇದ್ದೀರಿ, ಬಿಡಬೇಡಿ. ಗಂಟೆ ನಡೆದರೆ 200, 250 ಕ್ಯಾಲೊರಿ ಖರ್ಚಾಗುತ್ತದೆ. ವಾಪಸು ಬರುವಾಗಿನ ಬೆಣ್ಣೆ ಹಾಕಿದ ಮಸಾಲೆ ದೋಸೆಯಲ್ಲಿ ಅದಕ್ಕಿಂತ ಜಾಸ್ತಿ ಇದೆ. ಸ್ನಾಯು ಉಳಿಯಲು ವಾರದಲ್ಲಿ ಎರಡು ದಿನ ಭಾರ ಎತ್ತುವ ವ್ಯಾಯಾಮ ಮಾಡಿ, ಪ್ರತಿ ಊಟದಲ್ಲೂ ಕಾಳು, ಮೊಟ್ಟೆ, ಮೀನು, ಮೊಸರು ಯಾವುದಾದರೂ ಇರಲಿ. ಇನ್ನು ಅವರೆಕಾಯಿ ಬರುವ ಕಾಲ. ಹಿದುಕಿದ ಅವರೆಬೇಳೆ ಧಾರಾಳವಾಗಿ ತಿನ್ನಿ, ಜೊತೆಗಿನ ಅಕ್ಕಿ ರೊಟ್ಟಿಯ ಎಣ್ಣೆ ನೋಡಿಕೊಳ್ಳಿ.

ಔಷಧಿ ವಿಷಯ ಬಿಡುವಂತಿಲ್ಲ, ಅಧ್ಯಕ್ಷರು ಎರಡು ನಿಮಿಷ ಕೊಡಬೇಕು. ಡೈರೆಕ್ಟ್ ಅಧ್ಯಯನದಲ್ಲಿ ಪ್ಯಾಕೆಟ್ ಶುರುವಾದ ದಿನವೇ ಸಕ್ಕರೆ ಮತ್ತು ಬಿಪಿ ಮಾತ್ರೆ ನಿಲ್ಲಿಸಿದ್ದರು, ಆದರೆ ವೈದ್ಯರ ಕಣ್ಣೆದುರಿನಲ್ಲಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ನಿಮ್ಮಷ್ಟಕ್ಕೆ ನೀವೇ ಇಂಥ ಪಥ್ಯ ಶುರು ಮಾಡಿದರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಊಟಕ್ಕೆ ಮರಳುವಾಗಲೂ ಅಷ್ಟೇ, ಮಾತ್ರೆ ಮತ್ತೆ ಬೇಕಾ ಬೇಡವಾ ಅನ್ನುವುದನ್ನು ಡಾಕ್ಟರೇ ಹೇಳಬೇಕು. ಮಾತ್ರೆ ಪೂರ್ತಿ ನಿಂತವರೂ ಮೂರು ತಿಂಗಳ ಸರಾಸರಿ ಸಕ್ಕರೆ ಪರೀಕ್ಷೆ, ಕಣ್ಣು, ಪಾದ, ಮೂತ್ರಪಿಂಡದ ತಪಾಸಣೆ ವರ್ಷ ವರ್ಷ ಮಾಡಿಸುತ್ತಲೇ ಇರಬೇಕು.

ರಾತ್ರಿ ಮೊಸರನ್ನ ಬಿಡಬೇಕಾ ಅಂತ ಯಾರೋ ಚೀಟಿ ಕಳಿಸಿದ್ದೀರಿ. ಬೇಡ, ಬಿಡಬೇಡಿ. ಅನ್ನ ಒಂದು ಸಣ್ಣ ಬಟ್ಟಲು, ಮೊಸರು ಅದರಷ್ಟೇ, ತುರಿದ ಸೌತೆಕಾಯಿ ಇಲ್ಲವೇ ಕ್ಯಾರೆಟ್ ಧಾರಾಳವಾಗಿ, ಉಪ್ಪಿನಕಾಯಿ ಒಂದು ಹೋಳು. ಉಳಿದ ಪ್ರಶ್ನೆಗಳನ್ನು ಕೇಳಿ, ಮೈಕ್ ಹಿಂದಿನ ಸಾಲಿಗೆ ಕೊಡಿ.